ದೋಣಿಯ ಡೆಕ್‌ಗೆ ಬೇಕಾದಷ್ಟೇ ತೆರೆಯುವ ಗಾಳಿಕೊಳವೆ: ಲೆಕ್ಕದಿಂದ ಜೋಡಣೆಯವರೆಗೆ

ಮುನಿರಾಬಾದ್ ಕಡೆಯ ತುಂಗಭದ್ರಾ ಹಿನ್ನೀರಿನಲ್ಲಾಗಲಿ, ರಾಯಚೂರು ಜಿಲ್ಲೆಯ ಕೃಷ್ಣೆಯ ದಂಡೆಯಲ್ಲಾಗಲಿ, ಡೆಕ್ ಎಂಬ ಮೇಲುಹಾಸಿನಿಂದ ಮುಚ್ಚಿದ ದೋಣಿ ಇಟ್ಟುಕೊಂಡವರು ಗಾಳಿಕೊಳವೆ ಕೂರಿಸುವಾಗ ಮತ್ತೆ ಮತ್ತೆ ಒಂದೇ ಕಡೆ ಎಡವುತ್ತಾರೆ. ಮೊದಲು ಡೆಕ್ ಕೊರೆಯುತ್ತಾರೆ, ಆಮೇಲೆ ಆ ತೂತಿಗೆ ಹೊಂದುವ ಪೈಪು ಹುಡುಕುತ್ತಾರೆ, ಕೊನೆಗೆ ಮಳೆ ತಡೆಯಲು ಮೇಲೊಂದು ಮುಚ್ಚಳ ಬೆಸೆಯುತ್ತಾರೆ. ಹೀಗೆ ಮಾಡಿದ ಕೊಳವೆ ತೆರೆದರೆ ನೀರು ಒಳಗೆ ಬರುತ್ತದೆ, ಮುಚ್ಚಿದರೆ ಒಳಗಿನವರಿಗೆ ಉಸಿರುಗಟ್ಟುತ್ತದೆ. ಅರ್ಧಕ್ಕೆ ನಿಲ್ಲಿಸಿದರೆ ಎಂಜಿನ್ನಿನ ಅದುರಾಟಕ್ಕೆ ತಾನಾಗಿಯೇ ಇಳಿದುಬಿಡುತ್ತದೆ.

ಗಾಳಿ ಬರುವ ದಾರಿ ಮತ್ತು ನೀರು ಹೋಗುವ ದಾರಿ ಇವೆರಡನ್ನೂ ಕಾಗದದ ಮೇಲೆ ಬೇರೆ ಬೇರೆಯಾಗಿ ಗೆರೆ ಎಳೆದು ನೋಡಿದ ಬಳಿಕವೇ ಲೋಹಕ್ಕೆ ಕೈ ಹಚ್ಚಬೇಕು. ಈ ಮಾರ್ಗದರ್ಶಿಯ ಹಂತಗಳೆಲ್ಲ ಆ ಕ್ರಮದಲ್ಲೇ ಇವೆ. ದಯವಿಟ್ಟು ಹಿಂದುಮುಂದು ಮಾಡಬೇಡಿ. ಇಲ್ಲಿ ವಿವರಿಸಿರುವುದು ಅಣಬೆ ಆಕಾರದ ಟೋಪಿಯುಳ್ಳ, ನಡುವಿನ ತಿರುಪಿನಿಂದ ಏರಿಳಿಯುವ ಮಾದರಿಯನ್ನು. ತೆರೆದ ಹರಿಗೋಲಿಗೆ ಇದಾವುದೂ ಬೇಕಿಲ್ಲ.

ಕೆಲಸಕ್ಕೆ ಮುನ್ನ ಕೈಯಲ್ಲಿರಬೇಕಾದವು

ಅಳತೆಗೆ ವರ್ನಿಯರ್ ಮತ್ತು ಮಟ್ಟಗೋಲು, ಕೊರೆಯಲು ಡ್ರಿಲ್ ಯಂತ್ರ ಮತ್ತು ದುಂಡು ತೂತು ಕೊಯ್ಯುವ ಹೋಲ್‌ಸಾ (100ರ ಕೊಳವೆಗೆ 108 ಮಿ.ಮೀ.), ಅಂಚು ತಿದ್ದಲು ಅರೆದುಂಡನೆಯ ಅರ, ಮಾಸ್ಕಿಂಗ್ ಟೇಪು, ಎರಡು ಭಾಗ ಕಲಸುವ ಎಪಾಕ್ಸಿ ಅಂಟು ಮತ್ತು ಅದನ್ನು ಮಂದವಾಗಿಸುವ ಪುಡಿ, ಪಾಲಿಯುರಿಥೇನ್ ಸೀಲಂಟ್. ಇವನ್ನೆಲ್ಲ ಮೊದಲೇ ಕೂಡಿಸಿಟ್ಟುಕೊಳ್ಳಿ. ಫೈಬರ್ ಧೂಳು ಶ್ವಾಸಕೋಶಕ್ಕೂ ಚರ್ಮಕ್ಕೂ ಕೆಟ್ಟದ್ದು; ಆದ್ದರಿಂದ ಧೂಳು ತಡೆಯುವ ಮಾಸ್ಕ್, ಕನ್ನಡಕ, ಕೈಗವಸು ಮತ್ತು ತುಂಬುತೋಳಿನ ಅಂಗಿ ಇಲ್ಲದೆ ಕೊರೆಯುವ ಕೆಲಸ ಆರಂಭಿಸಬೇಡಿ.

ಲೇತ್ ಕೆಲಸವನ್ನು ಹೊರಗೆ ಮಾಡಿಸಬೇಕು. ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳ ಶಾಫ್ಟು, ಬುಷ್‌ಗಳನ್ನು ಕಡೆಯುವ ಲೇತ್ ಅಂಗಡಿಗಳಿಗೆ ಇದು ದೊಡ್ಡ ಕೆಲಸವೇನಲ್ಲ. ಆದರೆ ಬಾಯಿಮಾತಿನಲ್ಲಿ ಹೇಳಿ ಬರಬೇಡಿ, ಅಳತೆ ಬರೆದ ಚಿತ್ರ ಕೊಟ್ಟು ಬನ್ನಿ.

ಹಂತ 1: ಯಾವ ಕೋಣೆಗೆ ಗಾಳಿ ಬೇಕೆಂದು ತೀರ್ಮಾನಿಸಿ

ಜನ ಕೂರುವ ಕ್ಯಾಬಿನ್, ಸಾಮಾನಿನ ಕೋಣೆ, ಬ್ಯಾಟರಿ ಪೆಟ್ಟಿಗೆ ಮತ್ತು ಎಂಜಿನ್ ಕೋಣೆ, ಈ ನಾಲ್ಕಕ್ಕೂ ಒಂದೇ ವಿನ್ಯಾಸ ಹೊಂದುವುದಿಲ್ಲ. ಪೆಟ್ರೋಲ್ ಆವಿಯೂ ಅಡುಗೆ ಅನಿಲವೂ ಗಾಳಿಗಿಂತ ಭಾರ. ಅವು ದೋಣಿಯ ತಳದಲ್ಲಿ ಕೂರುತ್ತವೆ. ಡೆಕ್‌ನಲ್ಲಿ ಎಷ್ಟು ದೊಡ್ಡ ಕೊಳವೆ ಇಟ್ಟರೂ, ಹೊರಹೋಗುವ ಕೊಳವೆಗೆ ತಳದ ಹತ್ತಿರದವರೆಗೆ ಇಳಿಯುವ ಪೈಪು ಜೋಡಿಸದಿದ್ದರೆ ಅವು ಅಲ್ಲೇ ಉಳಿಯುತ್ತವೆ. ಬ್ಯಾಟರಿ ಚಾರ್ಜ್ ಆಗುವಾಗ ಬರುವ ಹೈಡ್ರೋಜನ್ ಇದಕ್ಕೆ ತದ್ವಿರುದ್ಧ. ಅದು ಮೇಲೇರಿ ಡೆಕ್‌ನ ಕೆಳಮೈಗೆ ಅಂಟಿಕೊಂಡು ನಿಲ್ಲುವುದರಿಂದ, ಬ್ಯಾಟರಿ ಕೋಣೆಯ ಕೊಳವೆ ಅತ್ಯಂತ ಎತ್ತರದ ಜಾಗದಲ್ಲಿರಬೇಕು ಮತ್ತು ಅದನ್ನು ಪೂರ್ತಿ ಮುಚ್ಚುವ ವ್ಯವಸ್ಥೆ ಇರಲೇಬಾರದು.

ಒಂದು ಕೋಣೆಗೆ ಒಂದೇ ತೂತು ಇದ್ದರೆ ಗಾಳಿಯಾಟ ನಡೆಯುವುದಿಲ್ಲ. ಬರುವ ದಾರಿ ಒಂದು ತುದಿಯಲ್ಲಿ, ಹೋಗುವ ದಾರಿ ಇನ್ನೊಂದು ತುದಿಯಲ್ಲಿ ಇರಬೇಕು. ಅಣಬೆ ಟೋಪಿಯ ಮೇಲೆ ಗಾಳಿ ಹಾಯ್ದಾಗ ಅದು ಹೆಚ್ಚಾಗಿ ಒಳಗಿನ ಗಾಳಿಯನ್ನು ಎಳೆದು ಹೊರಹಾಕುತ್ತದೆ; ಹಾಗಾಗಿ ಕ್ಯಾಬಿನ್ನಿಗೆ ಅದನ್ನು ಹೋಗುವ ದಾರಿಯೆಂದೇ ಲೆಕ್ಕ ಹಾಕಿ, ಬಾಗಿಲ ಜಾಲರಿಯನ್ನೋ ಇನ್ನೊಂದು ಕೊಳವೆಯನ್ನೋ ಬರುವ ದಾರಿಯಾಗಿ ಇಟ್ಟುಕೊಳ್ಳಿ.

ಹಂತ 2: ಅಳತೆಯ ಲೆಕ್ಕ

ಬಹಳಷ್ಟು ಜನ ಅಂದಾಜಿನಲ್ಲೇ ಮುಗಿಸಿಬಿಡುವ ಈ ಹಂತಕ್ಕೆ ಅರ್ಧ ಗಂಟೆ ಕೊಡಿ. 1 ಲೀಟರ್ ಸಾಮರ್ಥ್ಯದ, ನಿಮಿಷಕ್ಕೆ 2000 ಸುತ್ತು ತಿರುಗುವ ಡೀಸೆಲ್ ಎಂಜಿನ್ ಇದೆಯೆಂದು ಇಟ್ಟುಕೊಳ್ಳೋಣ. ಫೋರ್ ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೊಮ್ಮೆ ಗಾಳಿ ಎಳೆಯುವುದರಿಂದ, ಅದಕ್ಕೆ ನಿಮಿಷಕ್ಕೆ ಸುಮಾರು 1000 ಲೀಟರ್, ಅಂದರೆ 1 ಘನ ಮೀಟರ್ ಗಾಳಿ ಬೇಕು. ಕೊಳವೆಯಲ್ಲಿ ಗಾಳಿಯ ವೇಗ ಸೆಕೆಂಡಿಗೆ 3 ಮೀಟರ್ ಮೀರದಂತೆ ಇಡಬೇಕೆಂದರೆ ಸುಮಾರು 56 ಚದರ ಸೆಂ.ಮೀ. ತೆರಪು ಬೇಕಾಗುತ್ತದೆ. 100 ಮಿ.ಮೀ. ವ್ಯಾಸದ ಕೊಳವೆಯ ತೆರಪು 78.5 ಚ.ಸೆಂ.ಮೀ. ಆದ್ದರಿಂದ ಅದು ಸಾಕಷ್ಟಾಯಿತು ಎನಿಸುತ್ತದೆ.

ಆದರೆ ಸೊಳ್ಳೆ ಜಾಲರಿಯನ್ನು ಮರೆಯಬಾರದು. ತಂತಿಯ ದಪ್ಪ 0.3 ಮಿ.ಮೀ., ಕಣ್ಣಿನ ಅಗಲ 1.2 ಮಿ.ಮೀ. ಇರುವ ಜಾಲರಿಯಲ್ಲಿ ಗಾಳಿಗೆ ಸಿಗುವುದು ಒಟ್ಟು ಜಾಗದ ಶೇ. 64 ಮಾತ್ರ. 56 ಚ.ಸೆಂ.ಮೀ. ಸಿಗಬೇಕಾದರೆ ಚಪ್ಪಟೆ ಜಾಲರಿಯ ಜಾಗ 87 ಚ.ಸೆಂ.ಮೀ. ಇರಬೇಕು, 100 ಮಿ.ಮೀ. ಕೊಳವೆ ಇಲ್ಲಿ ಸೋಲುತ್ತದೆ. ಇದಕ್ಕೆ ಎರಡು ದಾರಿಗಳಿವೆ: 122.7 ಚ.ಸೆಂ.ಮೀ. ತೆರಪಿರುವ 125 ಮಿ.ಮೀ. ಕೊಳವೆ ತೆಗೆದುಕೊಳ್ಳುವುದು, ಇಲ್ಲವೇ ಜಾಲರಿಯನ್ನು ಚಪ್ಪಟೆಯಾಗಿ ಬಿಗಿಯದೆ ಕೆಳಕ್ಕೆ ಇಳಿಬಿದ್ದ ಬುಟ್ಟಿಯಂತೆ ಮಾಡಿ ಅದರ ಮೈ ಹೆಚ್ಚಿಸುವುದು. ಎಂಜಿನ್ ಕೋಣೆಗೆ ನಾನು ಎರಡನ್ನೂ ಒಟ್ಟಿಗೆ ಮಾಡಲು ಹೇಳುತ್ತೇನೆ; ಏಕೆಂದರೆ ಎಂಜಿನ್ ಸೇದುವ ಗಾಳಿಯ ಜೊತೆಗೆ ಕೋಣೆಯ ಕಾವು ಇಳಿಸುವ ಗಾಳಿಯೂ ಬೇಕು. ಕ್ಯಾಬಿನ್ನಿಗೆ 100 ಮಿ.ಮೀ. ಸಾಕು.

ಎಚ್ಚರಿಕೆ: ಗಾಳಿಯಿಂದಲೇ ತಣಿಯುವ ಏರ್‌ಕೂಲ್ಡ್ ಎಂಜಿನ್‌ಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅದಕ್ಕೆ ಇದರ ಹಲವು ಪಟ್ಟು ಗಾಳಿ ಬೇಕು. ಇಂತಹ ಕೊಳವೆಯ ಮೇಲೆ ಅದನ್ನು ನಂಬಿ ಬಿಡಬೇಡಿ.

ಹಂತ 3: ಟೋಪಿ, ಕುತ್ತಿಗೆ, ಅಂಚುಪಟ್ಟಿ

ಟೋಪಿ ಎಷ್ಟು ಏರಬೇಕು ಎಂಬುದಕ್ಕೆ ಸರಳ ನಿಯಮವಿದೆ. ಕೊಳವೆಯ ಬಾಯಿಯ ಸುತ್ತ ಟೋಪಿಯ ಕೆಳಗೆ ಸಿಗುವ ತೆರಪು ಕೊಳವೆಯ ತೆರಪಿಗೆ ಸಮನಾಗುವುದು, ಟೋಪಿಯು ಕೊಳವೆಯ ವ್ಯಾಸದ ಕಾಲು ಭಾಗದಷ್ಟು ಮೇಲೆದ್ದಾಗ. 100 ಮಿ.ಮೀ. ಕೊಳವೆಗೆ 25 ಮಿ.ಮೀ., 125ಕ್ಕೆ ಸುಮಾರು 31 ಮಿ.ಮೀ. ಅದಕ್ಕಿಂತ ಮೇಲೆತ್ತಿದರೆ ಗಾಳಿ ಅಷ್ಟೇನೂ ಹೆಚ್ಚುವುದಿಲ್ಲ, ಮಳೆಯ ಎರಚಲು ಮಾತ್ರ ಹೆಚ್ಚುತ್ತದೆ.

ಟೋಪಿಯಿಂದ ಸುತ್ತಲೂ ಕೆಳಗೆ ಇಳಿಯುವ ಅಂಚುಪಟ್ಟಿಯೇ ಮಳೆಯನ್ನು ನಿಜವಾಗಿ ತಡೆಯುವ ಭಾಗ. ಹೆಚ್ಚಿನವರು ಇದನ್ನು 20 ಮಿ.ಮೀ. ಇಟ್ಟು ಬಿಡುತ್ತಾರೆ. ಮುಚ್ಚಿದಾಗ ಅದು ಸರಿಯಾಗಿಯೇ ಕಾಣುತ್ತದೆ, 25 ಮಿ.ಮೀ. ಎತ್ತಿದ ಕೂಡಲೇ ಪಟ್ಟಿಯ ಕೆಳಅಂಚು ಕೊಳವೆಯ ತುಟಿಗಿಂತ (ಬಾಯಿಯ ಅಂಚಿಗಿಂತ) 5 ಮಿ.ಮೀ. ಮೇಲೆ ಹೋಗಿ, ಆಷಾಢದ ಗಾಳಿಗೆ ಅಡ್ಡಲಾಗಿ ಬರುವ ಹನಿಗಳೆಲ್ಲ ನೇರವಾಗಿ ಒಳಗೆ ಬೀಳುತ್ತವೆ. ಪಟ್ಟಿ 40 ಮಿ.ಮೀ. ಇರಲಿ. ಆಗ ಪೂರ್ತಿ ತೆರೆದಾಗಲೂ ತುಟಿಯನ್ನು 15 ಮಿ.ಮೀ. ಕೆಳಗಿನವರೆಗೆ ಮರೆಮಾಡಿರುತ್ತದೆ. ಡೆಕ್‌ನಿಂದ ಕುತ್ತಿಗೆಯ, ಅಂದರೆ ಟೋಪಿಯ ಕೆಳಗೆ ನಿಂತ ಪೈಪಿನ, ಎತ್ತರ 75 ಮಿ.ಮೀ.ಗಿಂತ ಕಡಿಮೆಯಾಗಬಾರದು, ಡೆಕ್ ಮೇಲೆ ಹರಿಯುವ ನೀರು ತುಟಿ ದಾಟದಂತೆ ತಡೆಯುವುದು ಈ ಎತ್ತರವೇ.

ಇನ್ನೊಂದು ಅಳತೆ ಬಹಳ ಸಲ ಕಣ್ತಪ್ಪುತ್ತದೆ. ಕುತ್ತಿಗೆಯ ಹೊರಮೈ ಮತ್ತು ಅಂಚುಪಟ್ಟಿಯ ಒಳಮೈ ನಡುವಿನ ಸುತ್ತುಜಾಗದಲ್ಲಿಯೇ ಗಾಳಿ ಹಾದು ಬರಬೇಕಲ್ಲವೇ? 2 ಮಿ.ಮೀ. ಗೋಡೆಯ ಕುತ್ತಿಗೆಯ ಹೊರವ್ಯಾಸ 104 ಮಿ.ಮೀ. ಆಗುತ್ತದೆ. ಅಂಚುಪಟ್ಟಿಯ ಒಳವ್ಯಾಸ 150 ಮಿ.ಮೀ. ಇದ್ದರೆ ಆ ಸುತ್ತುಜಾಗ ಸುಮಾರು 92 ಚ.ಸೆಂ.ಮೀ., ಅಂದರೆ ಕೊಳವೆಯ ತೆರಪಿಗಿಂತ ತುಸು ಹೆಚ್ಚು. 125ರ ಕೊಳವೆಗೆ 185 ಮಿ.ಮೀ. ಇಡಿ. ಯಾವ ಅಳತೆಯದ್ದಾದರೂ ಅಂಚುಪಟ್ಟಿಯ ಒಳವ್ಯಾಸ ಕುತ್ತಿಗೆಯ ಹೊರವ್ಯಾಸದ 1.4 ಪಟ್ಟಿಗಿಂತ ಕಡಿಮೆಯಾದರೆ, ಟೋಪಿ ಎಷ್ಟೇ ಎತ್ತಿದರೂ ಗಾಳಿ ಅಲ್ಲಿಯೇ ಕಟ್ಟಿಕೊಳ್ಳುತ್ತದೆ.

ಟೋಪಿಗೆ ಸ್ಟೀಲ್ ಪಾತ್ರೆಯ ಮುಚ್ಚಳ ಬಳಸುವ ರೂಢಿ ಬಿಡಿ. ಆ ತೆಳು ತಗಡಿನ ಮೇಲೆ ಯಾರಾದರೂ ಒಮ್ಮೆ ಕಾಲಿಟ್ಟರೆ ತಗ್ಗು ಬಿದ್ದು, ಟೋಪಿಯ ಒಳಗಿನಿಂದ ತುಟಿಗೆ ಒತ್ತುವ ರಬ್ಬರ್ ಗ್ಯಾಸ್ಕೆಟ್ ಒಂದು ಕಡೆ ಎದ್ದು ನಿಲ್ಲುತ್ತದೆ. 2 ಮಿ.ಮೀ. ತಗಡನ್ನು ನಡುವೆ ಉಬ್ಬಿಸಿ ಮಾಡಿಸಿ.

ಹಂತ 4: ತಿರುಪು ಮತ್ತು ಅದರ ತಡೆಗಳು

ಸಾಮಾನ್ಯ 16 ಮಿ.ಮೀ. ಬೋಲ್ಟಿನ ಪಿಚ್ (ಒಂದು ಸುತ್ತಿಗೆ ಏರುವ ದೂರ) 2 ಮಿ.ಮೀ. 25 ಮಿ.ಮೀ. ಏರಿಸಲು ಹನ್ನೆರಡೂವರೆ ಸುತ್ತು ತಿರುಗಿಸಬೇಕು. ಮಳೆ ಹೊಡೆಯುತ್ತಿರುವಾಗ ಇದು ಬಹಳ ಆಯಿತು. 4 ಮಿ.ಮೀ. ಪಿಚ್‌ನ ಟ್ರೆಪಿಜಾಯ್ಡಲ್ ತ್ರೆಡ್ ಹಾಕಿಸಿದರೆ ಆರೂಕಾಲು ಸುತ್ತಿನಲ್ಲಿ ಕೆಲಸ ಮುಗಿಯುತ್ತದೆ. ಇದರಿಂದ ಇನ್ನೊಂದು ಅನುಕೂಲವೂ ಇದೆ: ಒಂದೊಂದು ಸುತ್ತಿಗೆ ಸುಮಾರು 12.6 ಚ.ಸೆಂ.ಮೀ. ತೆರಪು ಹೆಚ್ಚುತ್ತದೆ. ಎಷ್ಟು ತೆರೆದಿದೆ ಎಂಬುದನ್ನು ಮೇಲೆ ಹೋಗಿ ನೋಡದೆ, ಸುತ್ತು ಎಣಿಸಿಯೇ ತಿಳಿಯಬಹುದು.

ನಡುವಿನ ತಿರುಪು, ಅಂದರೆ ಸ್ಪಿಂಡಲ್, ಸ್ಟೇನ್‌ಲೆಸ್ ಸ್ಟೀಲ್ ಆದರೆ ಅದು ತಿರುಗುವ ಬುಷ್ (ಒಳಗೆ ತ್ರೆಡ್ ಇರುವ ಬಳೆ) ಹಿತ್ತಾಳೆ ಅಥವಾ ಗನ್‌ಮೆಟಲ್ ಆಗಿರಲಿ. ಸ್ಟೇನ್‌ಲೆಸ್ ಮೇಲೆ ಸ್ಟೇನ್‌ಲೆಸ್ ತಿರುಗಿದರೆ ತ್ರೆಡ್ ಒಂದಕ್ಕೊಂದು ಕಚ್ಚಿಕೊಂಡು, ಮುಂದೆ ಗರಗಸದಿಂದ ಕೊಯ್ದೇ ಬಿಡಿಸಬೇಕಾಗುತ್ತದೆ. ನಮ್ಮದು ಸಿಹಿನೀರು, ಆದ್ದರಿಂದ 304 ದರ್ಜೆಯ ಸ್ಟೀಲ್ ಸಾಕು. ಸಮುದ್ರಕ್ಕೆ ಹೇಳುವ 316 ಇಲ್ಲಿ ಅನಿವಾರ್ಯವಲ್ಲ. ಪಿವಿಸಿ ಕುತ್ತಿಗೆ ರಾಯಚೂರಿನ ಬಿಸಿಲಿಗೆ ಕೆಲವೇ ವರ್ಷಗಳಲ್ಲಿ ಪೆಡಸಾಗುತ್ತದೆ. ಜಿಐ ಪೈಪು ಬಳಸುವುದಾದರೆ ಬೆಸುಗೆಯ ಜಾಗದಲ್ಲಿ ಸತುವಿನ ಲೇಪವನ್ನು ಪೂರ್ತಿ ಉಜ್ಜಿ ತೆಗೆಯಿರಿ. ಬೆಸುಗೆಯಲ್ಲಿ ಸತು ಸುಟ್ಟ ಹೊಗೆ ಕುಡಿದರೆ ಜ್ವರ ಬರುತ್ತದೆ.

ಕ್ಯಾಬಿನ್ ಕೊಳವೆಯಲ್ಲಿ ಟೋಪಿಯನ್ನು ಸ್ಪಿಂಡಲ್‌ಗೆ ಬೆಸೆಯಬಾರದು. ಬೆಸೆದರೆ ಟೋಪಿಯೂ ಜೊತೆಗೆ ತಿರುಗುತ್ತದೆ, ಮುಚ್ಚುವ ಕೊನೆಯ ಸುತ್ತಿನಲ್ಲಿ ಗ್ಯಾಸ್ಕೆಟ್ ತುಟಿಯ ಮೇಲೆ ಉಜ್ಜುತ್ತದೆ. ಗ್ಯಾಸ್ಕೆಟ್ ಮೇಲೆ ಉಂಗುರದಂತಹ ಮಾಸಲು ಗೆರೆ, ತುಟಿಯ ಕೆಳಗೆ ಕುತ್ತಿಗೆಯ ಒಳಮೈಗೆ ಅಂಟಿದ ಕಪ್ಪು ರಬ್ಬರ್ ಪುಡಿ ಕಂಡರೆ ನಿಮ್ಮಲ್ಲಿ ಇದೇ ಆಗುತ್ತಿದೆ ಎಂದು ತಿಳಿಯಿರಿ. ಟೋಪಿಯ ಕೆಳಗೆ ಒಂದು ಗೂಡು ಮಾಡಿಸಿ, ಅದರಲ್ಲಿ ಸ್ಪಿಂಡಲ್ ತುದಿ ನೈಲಾನ್ ವಾಷರ್ ಮೇಲೆ ಸಡಿಲವಾಗಿ ತಿರುಗುವಂತೆ ಕೂರಿಸಿ. ಟೋಪಿ ತುಟಿಗೆ ತಾಗಿದೊಡನೆ ತಾನು ತಿರುಗುವುದನ್ನು ನಿಲ್ಲಿಸಿ ನೇರ ಕೆಳಗೆ ಒತ್ತುತ್ತದೆ.

ಎರಡು ತಡೆಗಳು ಬೇಕೇ ಬೇಕು. ಬುಷ್‌ನ ಮೇಲೆ ಸ್ಪಿಂಡಲ್‌ಗೆ ಒಂದು ಕಾಲರ್: 6 ಮಿ.ಮೀ. ಗ್ಯಾಸ್ಕೆಟ್ 1.5 ಮಿ.ಮೀ. ಒತ್ತಿದ ಕೂಡಲೇ ಅದು ಬುಷ್‌ಗೆ ತಾಗಿ ನಿಲ್ಲಬೇಕು. ಇಲ್ಲದಿದ್ದರೆ ಪ್ರತಿಯೊಬ್ಬರೂ ಇನ್ನಷ್ಟು ಬಿಗಿಯಲೆಂದು ತಿರುಗಿಸಿ ರಬ್ಬರನ್ನು ಚಪ್ಪಟೆ ಮಾಡಿಬಿಡುತ್ತಾರೆ. ಬುಷ್‌ನ ಕೆಳಗೆ ಪಿನ್ ಹಾಕಿದ ನಟ್ಟು: ಟೋಪಿ 25 ಮಿ.ಮೀ. ದಾಟದಂತೆ, ಕಳಚಿ ನೀರಿಗೆ ಬೀಳದಂತೆ ಅದು ಹಿಡಿದಿಡುತ್ತದೆ. ಅದುರಾಟಕ್ಕೆ ಇಳಿಯದಿರಲು, ಒಳಗಿನಿಂದ ತಿರುಗಿಸಲು ಸ್ಪಿಂಡಲ್‌ನ ಕೆಳತುದಿಗೆ ಹಾಕುವ ಕೈಚಕ್ರದ ಮೇಲ್ಗಡೆ, ಬುಷ್‌ಗೆ ಒತ್ತಿ ಬಿಗಿಯುವ ರೆಕ್ಕೆಯ ಲಾಕ್‌ನಟ್ಟು ಕೊಡಿ.

ಹಂತ 5: ಎಂಜಿನ್ ಕೋಣೆಗೆ ಬೇರೆ ಏರ್ಪಾಡು

ಕ್ಯಾಬಿನ್ ಕೊಳವೆಯನ್ನು ಒಳಗಿನಿಂದ ತಿರುಗಿಸಬೇಕು, ಎಂಜಿನ್ ಕೋಣೆಯದನ್ನು ಡೆಕ್ ಮೇಲಿನಿಂದಲೇ ತಿರುಗಿಸಬೇಕು. ಎಂಜಿನ್ ಕೋಣೆಯಲ್ಲಿ ಬೆಂಕಿ ಹೊತ್ತಿದರೆ ಗಾಳಿ ಕಡಿಯಬೇಕಾಗುತ್ತದೆ. ಆ ಹೊತ್ತಿನಲ್ಲಿ ಕೈಚಕ್ರ ಹಿಡಿಯಲು ಯಾರೂ ಒಳಗೆ ಇಳಿಯಲಾಗದು. ಆದ್ದರಿಂದ ಇಲ್ಲಿ ಮಾತ್ರ ಟೋಪಿಯನ್ನು ಸ್ಪಿಂಡಲ್‌ಗೆ ಪಿನ್ ಹಾಕಿ ಬಿಗಿದು, ಟೋಪಿಯನ್ನೇ ಹಿಡಿದು ತಿರುಗಿಸುವಂತೆ ಮಾಡಿ. ಇದನ್ನು ಪೂರ್ತಿ ಮುಚ್ಚುವುದು ಅಪರೂಪವಾದ್ದರಿಂದ ಗ್ಯಾಸ್ಕೆಟ್ ಸವೆತ ಸಹಿಸಬಹುದು.

ದಿನನಿತ್ಯ ಯಾರೂ ಅದನ್ನು ಪೂರ್ತಿ ಮುಚ್ಚಿ ಎಂಜಿನ್ ಚಾಲೂ ಮಾಡದಂತೆಯೂ ತಡೆಯಬೇಕಲ್ಲ. ಅಂಚುಪಟ್ಟಿಯಲ್ಲಿ ಎದುರುಬದುರಾಗಿ ಎರಡು ತೂತು ಕೊರೆದು, ಒಳಕ್ಕೆ ಚಾಚಿ ತುಟಿಯ ಮೇಲೆ ಕೂರುವ ಎರಡು ಪಿನ್‌ಗಳನ್ನು ಹಾಕಿ. ಅವು ಟೋಪಿಯನ್ನು 15 ಮಿ.ಮೀ.ಗಿಂತ ಕೆಳಗೆ ಬಿಡಬಾರದು. 125ರ ಕೊಳವೆಯಲ್ಲಿ ಆಗಲೂ 59 ಚ.ಸೆಂ.ಮೀ. ತೆರೆದಿರುತ್ತದೆ, ಹಂತ 2ರ ಎಂಜಿನ್ನಿಗೆ ಅಷ್ಟು ಸಾಕು. ಪಿನ್‌ಗಳಿಗೆ ದೊಡ್ಡ ಉಂಗುರ ಮತ್ತು ಸರಪಳಿ ಹಾಕಿ ಕೆಂಪು ಬಣ್ಣ ಬಳಿಯಿರಿ. ತುರ್ತಿನಲ್ಲಿ ಎರಡನ್ನೂ ಎಳೆದು ಟೋಪಿ ಇಳಿಸುವುದನ್ನು ದೋಣಿಯಲ್ಲಿ ದುಡಿಯುವ ಪ್ರತಿಯೊಬ್ಬರ ಕೈಯಲ್ಲಿ ಒಮ್ಮೆ ಮಾಡಿಸಿ ನೋಡಿ.

ಹಂತ 6: ರಟ್ಟಿನ ಮಾದರಿ, ಆಮೇಲೆ ಲೇತ್

ಲೋಹಕ್ಕೆ ಹೋಗುವ ಮೊದಲು ರಟ್ಟಿನಲ್ಲಿ ಅದೇ ಅಳತೆಯ ಟೋಪಿ, ಕುತ್ತಿಗೆ ಮಾಡಿ ಡೆಕ್ ಮೇಲೆ ಟೇಪು ಹಚ್ಚಿ ಒಂದು ದಿನ ಬಿಡಿ. ಹಗ್ಗ ಎಲ್ಲಿ ಸಿಕ್ಕಿಬೀಳುತ್ತದೆ, ಬಲೆ ಎಲ್ಲಿ ತೊಡರುತ್ತದೆ, ಹಾಯುವವರ ಕಾಲು ಎಲ್ಲಿ ತಾಗುತ್ತದೆ ಎಂಬುದು ಅಷ್ಟರಲ್ಲೇ ತಿಳಿಯುತ್ತದೆ. ಜಾಗ ಆದಷ್ಟು ದೋಣಿಯ ನಡುಗೆರೆಗೆ ಹತ್ತಿರವಿರಲಿ, ಎಂಜಿನ್ನಿನ ಹೊಗೆಕೊಳವೆಯಿಂದ ದೂರವಿರಲಿ. ಹೊಗೆ ಕ್ಯಾಬಿನ್ ಸೇರಿದರೆ ಅದರಲ್ಲಿನ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ತಲೆನೋವು, ಮಂಪರು ಬಂದಾಗಲೇ ಗೊತ್ತಾಗುವುದು.

ಲೇತ್ ಅಂಗಡಿಯಲ್ಲಿ ಕೆಲಸದ ಕ್ರಮ ಹೀಗಿರಲಿ. ಮೊದಲು ಕುತ್ತಿಗೆಗೆ ಫ್ಲ್ಯಾಂಜ್ (ಡೆಕ್ ಮೇಲೆ ಕೂರುವ ಚಪ್ಪಟೆ ಬಳೆ) ಬೆಸೆಯಬೇಕು, ಬಳಿಕ ಒಳಗೆ ಬುಷ್ ಹಿಡಿಯುವ ಮೂರು ಕೈಗಳ ಆಧಾರ ಬೆಸೆಯಬೇಕು, ತುಟಿಯ ಮುಖವನ್ನು ಲೇತ್‌ನಲ್ಲಿ ಕಡೆಯುವುದು ಎಲ್ಲಕ್ಕಿಂತ ಕೊನೆಗೆ. ಬೆಸುಗೆಯ ಕಾವಿಗೆ ಕೊಳವೆ ಸೊಟ್ಟಗಾಗುತ್ತದೆ. ಮೊದಲೇ ಕಡೆದ ತುಟಿ ಬೆಸುಗೆಯಾದ ಮೇಲೆ ಸಮವಾಗಿ ಉಳಿಯುವುದಿಲ್ಲ. ತುಟಿಯ ಅಂಚು ದುಂಡಗಿರಬೇಕು, ಹರಿತವಾದ ಅಂಚು ಗ್ಯಾಸ್ಕೆಟ್ ಕೊಯ್ಯುತ್ತದೆ. ಹಿತ್ತಾಳೆ ಬುಷ್ ಅನ್ನು ಆಧಾರದ ನಡುವಿನ ಸ್ಟೀಲ್ ಬಳೆಯೊಳಗೆ ಒತ್ತಿ ಕೂರಿಸಿ, ಪಕ್ಕದಿಂದ ಗ್ರಬ್ ಸ್ಕ್ರೂ ಹಾಕಿ; ಸವೆದಾಗ ಅದೊಂದನ್ನೇ ಬದಲಿಸಬಹುದು.

100ರ ಕೊಳವೆಗೆ ಫ್ಲ್ಯಾಂಜ್‌ನ ಹೊರವ್ಯಾಸ 200 ಮಿ.ಮೀ., ಬೋಲ್ಟಿನ ತೂತುಗಳ ವೃತ್ತ 176 ಮಿ.ಮೀ. ಇರಲಿ. ಅದಕ್ಕಿಂತ ಒಳಗೆ ಇಟ್ಟರೆ ಬೋಲ್ಟುಗಳು ಟೋಪಿಯ ನೆರಳಲ್ಲಿ ಮರೆಯಾಗಿ ಪಾನಾ ಹೋಗುವುದಿಲ್ಲ. ಕುತ್ತಿಗೆ ಡೆಕ್‌ನ ಕೆಳಗೂ 30 ಮಿ.ಮೀ. ಇಳಿದಿರಲಿ, ಬೆವರಿದ ಹನಿ ಡೆಕ್‌ನ ಕೆಳಮೈಗೆ ಹರಡದೆ ಅಲ್ಲಿಂದ ತೊಟ್ಟಿಕ್ಕುತ್ತದೆ.

ಗ್ಯಾಸ್ಕೆಟ್‌ಗೆ ಬಿಸಿಲು ತಡೆಯುವುದು ಇಪಿಡಿಎಂ ರಬ್ಬರ್. ಆದರೆ ಅದು ಡೀಸೆಲ್, ಎಣ್ಣೆ ತಾಗಿದರೆ ಊದಿಕೊಳ್ಳುತ್ತದೆ. ಎಂಜಿನ್ ಕೋಣೆಯ ಕೊಳವೆಗೆ ನಿಯೋಪ್ರಿನ್ ಹಾಕಿ.

ಹಂತ 7: ಡೆಕ್ ಕೊರೆಯುವುದು

ಕೆಳಗಿನಿಂದ ನೋಡಿ ವೈರು, ಪೈಪು, ತೊಲೆ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಡೆಕ್‌ನ ತೊಲೆಯನ್ನು ಯಾವ ಕಾರಣಕ್ಕೂ ಕತ್ತರಿಸಬಾರದು. ಟೇಪು ಹಚ್ಚಿ, ನಡುವೆ 6 ಮಿ.ಮೀ. ತೂತು ಪೂರ್ತಿ ಕೊರೆದು, ಹೋಲ್‌ಸಾದಿಂದ ಮೇಲಿನಿಂದ ಅರ್ಧ, ಕೆಳಗಿನಿಂದ ಅರ್ಧ ಕೊರೆಯಿರಿ. ಅಂಚು ಸಿಬಿರು ಏಳುವುದಿಲ್ಲ.

ಫೈಬರ್ ಡೆಕ್‌ನ ನಡುವೆ ಸಾಮಾನ್ಯವಾಗಿ ಪ್ಲೈವುಡ್ ಅಥವಾ ಹಗುರ ಮರದ ಪದರ ಇರುತ್ತದೆ. ಇಂತಹ ಡೆಕ್‌ಗಳು ಬಹಳ ಸಲ ಹಾಳಾಗುವುದು ಈ ಪದರಕ್ಕೆ ನೀರು ಕುಡಿಸಿದ್ದರಿಂದಲೇ. ತೂತಿನ ಸುತ್ತ ಆ ಮರವನ್ನು 10 ಮಿ.ಮೀ. ಒಳಗಿನವರೆಗೆ ಕೆರೆದು ತೆಗೆದು, ಆ ಸಂದಿಗೆ ಪುಡಿ ಬೆರೆಸಿ ಮಂದ ಮಾಡಿದ ಎಪಾಕ್ಸಿ ತುಂಬಿ. ಬೋಲ್ಟಿನ ತೂತುಗಳನ್ನು ಮೊದಲು 12 ಮಿ.ಮೀ. ಕೊರೆದು, ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ನಡುವೆ 6.5 ಮಿ.ಮೀ. ಕೊರೆಯಿರಿ. ಆಗ ಬೋಲ್ಟು ಮರವನ್ನು ಮುಟ್ಟುವುದೇ ಇಲ್ಲ.

ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಸಾಮಾನ್ಯ. ಕಾವು 10 ಡಿಗ್ರಿ ಹೆಚ್ಚಿದರೆ ಎಪಾಕ್ಸಿ ಹೆಚ್ಚುಕಡಿಮೆ ಅರ್ಧ ಸಮಯದಲ್ಲೇ ಗಟ್ಟಿಯಾಗುತ್ತದೆ. ಬೆಳಗಿನ ಜಾವ ಕೆಲಸ ಮಾಡಿ, ಸ್ವಲ್ಪ ಸ್ವಲ್ಪವೇ ಕಲಸಿ, ಲೋಟದಲ್ಲಿ ಗುಡ್ಡೆ ಹಾಕದೆ ಅಗಲ ತಟ್ಟೆಯಲ್ಲಿ ಹರವಿಡಿ. ಲೋಟ ಬಿಸಿಯಾಗಿ ಹೊಗೆ ಬಂದರೆ ಆ ಎಪಾಕ್ಸಿ ಬಿಸಾಡಬೇಕು, ತೆಳುಮಾಡಿ ಬಳಸಬಾರದು.

ಕಬ್ಬಿಣದ ಡೆಕ್ ಆದರೆ ಈ ಹಂತದ ಬಹುಪಾಲು ಬೇಕಿಲ್ಲ. ಕುತ್ತಿಗೆಯನ್ನು ನೇರ ಬೆಸೆದು ಎರಡೂ ಕಡೆ ಬಣ್ಣ ಬಳಿದರೆ ಆಯಿತು. ಬೆಸುಗೆಗೆ ಮುನ್ನ ಇಂಧನದ ಟ್ಯಾಂಕನ್ನು ದೋಣಿಯಿಂದ ಹೊರತೆಗೆಯಿರಿ.

ಹಂತ 8: ಕೂರಿಸುವುದು

ಡೆಕ್‌ಗೆ ಬಾಗು ಇದ್ದರೆ ಅದಕ್ಕೆ ಹೊಂದುವ ಅಡಿಹಲಗೆ ಮಾಡಿ ಮೇಲ್ಮೈ ಸಮ ಮಾಡಿಕೊಳ್ಳಿ. ಬೋಲ್ಟು ಬಿಗಿದು ಫ್ಲ್ಯಾಂಜನ್ನು ಬಾಗಿಸಿದರೆ ಕಷ್ಟಪಟ್ಟು ಕಡೆದ ತುಟಿಯೂ ಬಾಗುತ್ತದೆ. ಬೋಲ್ಟಿನ ತೂತಿನ ಬಾಯನ್ನು ಸ್ವಲ್ಪ ಅಗಲಿಸಿ, ಅಲ್ಲಿ ಸೀಲಂಟ್ ಉಂಗುರದಂತೆ ನಿಲ್ಲುತ್ತದೆ. ಸಿಲಿಕಾನ್ ಬೇಡ, ಅದನ್ನು ತೆಗೆದ ಜಾಗಕ್ಕೆ ಮುಂದೆ ಬಣ್ಣವೂ ಹಿಡಿಯದು, ಬೇರೆ ಅಂಟೂ ಹಿಡಿಯದು.

ಸೀಲಂಟ್ ಹಚ್ಚಿ, ಸುತ್ತಲೂ ಸ್ವಲ್ಪ ಹೊರಬರುವಷ್ಟು ಮಾತ್ರ ಬಿಗಿದು ಒಂದು ದಿನ ಬಿಡಿ. ಮೊದಲ ದಿನವೇ ಪೂರ್ತಿ ಬಿಗಿದರೆ ಸೀಲಂಟ್ ಎಲ್ಲ ಹೊರಬಂದು ಒಳಗೆ ಏನೂ ಉಳಿಯುವುದಿಲ್ಲ. ಮರುದಿನ ಬಿಗಿಯುವಾಗ ಮೇಲೆ ಬೋಲ್ಟಿನ ತಲೆಯನ್ನು ಅಲ್ಲಾಡದಂತೆ ಹಿಡಿದು, ಕೆಳಗಿನ ನಟ್ಟನ್ನಷ್ಟೇ ತಿರುಗಿಸಿ.

ಹಂತ 9: ಪರೀಕ್ಷೆ

ತುಟಿಗೆ ಸುಣ್ಣದ ಕಡ್ಡಿ ಉಜ್ಜಿ ಟೋಪಿ ಮುಚ್ಚಿ ತೆರೆಯಿರಿ. ಗ್ಯಾಸ್ಕೆಟ್ ಮೇಲೆ ಬಿಳಿ ಉಂಗುರ ಎಲ್ಲೂ ತುಂಡಾಗದೆ ಮೂಡಿರಬೇಕು; ತುಂಡಾಗಿದ್ದರೆ ಟೋಪಿ ಓರೆಯಾಗಿದೆ. ಬಳಿಕ ಕೆಳಗೆ ಹಳೆಯ ಪತ್ರಿಕೆ ಹಾಸಿ, ಮುಚ್ಚಿದಾಗ, ಎರಡು ಸುತ್ತು ತೆರೆದಾಗ, ಪೂರ್ತಿ ತೆರೆದಾಗ ಪೈಪಿನಿಂದ ಸುತ್ತಲೂ ನೀರು ಹೊಡೆಯಿರಿ. ಮುಚ್ಚಿದಾಗ ಒಂದು ಹನಿಯೂ ಬೀಳಬಾರದು. ಪೂರ್ತಿ ತೆರೆದಾಗ ಅಲೆ ಎರಚುವ ಜಾಗದಲ್ಲಿ ತಡೆಯುವುದು ಟೋಪಿಯೊಂದರಿಂದ ಆಗದು. ಅಲ್ಲಿ ಕೊಳವೆಯ ಕೆಳಗೆ ನೀರುತಡೆ ಪೆಟ್ಟಿಗೆ ಬೇಕು. ಅದರಲ್ಲಿ ಒಳಕೊಳವೆ ಹೊರಕೊಳವೆಗೆ ನೇರವಾಗಿರದೆ ಪಕ್ಕಕ್ಕೆ ಸರಿದು 75 ಮಿ.ಮೀ. ಎದ್ದು ನಿಂತಿರುತ್ತದೆ, ತಗ್ಗಿನ ಮೂಲೆಗಳಲ್ಲಿ ನೀರು ಹರಿದುಹೋಗುವ ತೂತುಗಳಿರುತ್ತವೆ.

ಗಾಳಿಯಾಟ ನೋಡಲು ಕ್ಯಾಬಿನ್ನಿನಲ್ಲಿ ಊದುಬತ್ತಿ ಹಚ್ಚಿ ಹೊಗೆ ಯಾವ ಕಡೆ ವಾಲುತ್ತದೆ ಎಂದು ಗಮನಿಸಿ. ಪೆಟ್ರೋಲ್, ಅನಿಲ, ಬ್ಯಾಟರಿ ಇರುವ ಜಾಗದಲ್ಲಿ ಊದುಬತ್ತಿ ಹಚ್ಚಲೇಬಾರದು. ಅಲ್ಲಿ ತೆಳು ಕಾಗದದ ಪಟ್ಟಿ ತೂಗಿಬಿಟ್ಟರೆ ಸಾಕು.

ಕೂರಿಸಿದ ಮೇಲೆ ಗಮನಿಸಬೇಕಾದ ಸೂಚನೆಗಳು

ಡೆಕ್‌ನ ಕೆಳಮೈಯಲ್ಲಿ ಬೋಲ್ಟಿನ ಸುತ್ತ ಕಂದು ಕಲೆ ಕಂಡರೆ ಮರದ ಪದರಕ್ಕೆ ನೀರು ಇಳಿಯುತ್ತಿದೆ. ಸುತ್ತಲಿನ ಡೆಕ್ ಅನ್ನು ಬೆರಳಗೆಣ್ಣಿನಿಂದ ತಟ್ಟಿ ನೋಡಿ. ಗಟ್ಟಿ ಸದ್ದಿನ ಬದಲು ಮಂಕು ಸದ್ದು ಬಂದರೆ ಮರ ಕೊಳೆಯುತ್ತಿದೆ, ಕೊಳವೆ ತೆಗೆದು ಹಂತ 7ರಿಂದ ಮತ್ತೆ ಮಾಡಬೇಕು. ಚಳಿಗಾಲದ ಬೆಳಗ್ಗೆ ಟೋಪಿಯ ಒಳಗೆ ಹನಿಗಳು ಕಂಡರೆ ಮಾತ್ರ ಗಾಬರಿ ಬೇಡ. ಮಳೆಯಿಲ್ಲದ ರಾತ್ರಿಯ ನಂತರವೂ ಅವು ಇದ್ದರೆ ಅದು ಸೋರಿಕೆಯಲ್ಲ, ಒಳಗಿನ ತೇವ ತಣ್ಣನೆಯ ಲೋಹಕ್ಕೆ ಕಟ್ಟಿದ್ದು; ರಾತ್ರಿ ಒಂದು ಸುತ್ತು ಹೆಚ್ಚು ತೆರೆದಿಡಿ.

ಕೈಚಕ್ರ ಬಿಗಿಯಾಗತೊಡಗಿದರೆ ಬಲ ಹಾಕಬೇಡಿ. ಬಳ್ಳಾರಿ, ಕೊಪ್ಪಳದ ಬೇಸಿಗೆಯ ಧೂಳು ಗ್ರೀಸಿನಲ್ಲಿ ಕೂತು ಹಿತ್ತಾಳೆಯನ್ನು ತೇಯುತ್ತದೆ. ಹಳೆಯ ಗ್ರೀಸನ್ನು ಡೀಸೆಲ್ ಬಟ್ಟೆಯಿಂದ ಪೂರ್ತಿ ಒರೆಸಿದ ಮೇಲೆಯೇ ಹೊಸದನ್ನು ತೆಳುವಾಗಿ ಹಚ್ಚಿ, ಆ ಬಟ್ಟೆ ಇಪಿಡಿಎಂ ಗ್ಯಾಸ್ಕೆಟ್‌ಗೆ ತಾಗದಿರಲಿ. ಜಾಲರಿಯ ಬುಟ್ಟಿಯನ್ನು ತಿಂಗಳಿಗೊಮ್ಮೆ ಬಿಚ್ಚಿ ತೊಳೆಯಿರಿ. ದೋಣಿ ಹಲವು ದಿನ ನಿಂತಿದ್ದರೆ, ಎಂಜಿನ್ ಚಾಲೂ ಮಾಡುವ ಮೊದಲು ಟೋಪಿಯ ಕೆಳಗೆ ಟಾರ್ಚ್ ಬಿಟ್ಟು ಕಣಜದ ಹುಳು ಮಣ್ಣಿನ ಗೂಡು ಕಟ್ಟಿದೆಯೇ ಎಂದು ನೋಡಿ. ಗ್ಯಾಸ್ಕೆಟ್ ಮೇಲೆ ಉಗುರು ಒತ್ತಿ ತೆಗೆದಾಗ ಗುರುತು ಹಾಗೆಯೇ ಉಳಿದರೆ ಅದನ್ನು ಮುಂದಿನ ಮಳೆಗಾಲಕ್ಕೆ ಮುನ್ನ ಬದಲಿಸಿ.